ಪಿಎಸ್‌2 ಸತ್ತಿಲ್ಲ, ಮೊದಲು ಕಾರ್ಡ್ ಕಿತ್ತು ನೋಡಿ

"ಗುರು, ಪಿಎಸ್‌2 ಡೆಡ್ ಆಯ್ತು." ಹಳೇ ಗೇಮ್‌ಗಳ ಗುಂಪುಗಳಲ್ಲಿ ಪದೇ ಪದೇ ಕಾಣುವ ಸಾಲು ಇದು. ಪಿಎಸ್‌2 ಅಂದರೆ ಸೋನಿಯ ಹಳೇ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 2. ಮೆಮೊರಿ ಕಾರ್ಡ್‌ನಿಂದ ಹೊರಗಿನ ಪ್ರೋಗ್ರಾಂ ಓಡಿಸಲು ಬಿಡುವ ಫ್ರೀ ಎಂಸಿಬೂಟ್ ಹಾಕಿ, ಡಿಸ್ಕ್ ಇಲ್ಲದೆ ಗೇಮ್ ತೆರೆಯುವ ಓಪಿಎಲ್ ಎಂಬ ಪ್ರೋಗ್ರಾಂನಲ್ಲಿ ಗೇಮ್ ಒತ್ತಿದ್ದಾರೆ, ಪರದೆ ಕಪ್ಪಾಗಿ ನಿಂತಿದೆ. ಕೆಳಗೆ ಕಾಮೆಂಟುಗಳು ಶುರು: ಲೆನ್ಸ್ ಹೋಗಿದೆ, ಐಸಿ ಹೋಗಿದೆ, ಬೋರ್ಡ್ ಬದಲಾಯಿಸು. ಪೆನ್‌ಡ್ರೈವ್‌ನಿಂದ ಗೇಮ್ ಓಡಿಸುವಾಗ ಲೆನ್ಸಿಗೆ ಕೆಲಸವೇ ಇಲ್ಲ ಎಂಬುದು ಯಾರ ತಲೆಗೂ ಹೊಳೆದಿರುವುದಿಲ್ಲ.

ಒಂದು ವಿಷಯ ಮೊದಲೇ ಇತ್ಯರ್ಥವಾಗಲಿ. ಫ್ರೀ ಎಂಸಿಬೂಟ್ ಕನ್ಸೋಲಿನ ಒಳಗೆ ಏನನ್ನೂ ಬರೆಯುವುದಿಲ್ಲ. ಪಿಎಸ್‌2ದ ಬಯೋಸ್ (ಆನ್ ಆಗುವಾಗ ಮೊದಲು ಓಡುವ ಮೂಲ ಪ್ರೋಗ್ರಾಂ) ಇರುವುದು ಓದಲಷ್ಟೇ ಬರುವ ರೋಮ್ ಚಿಪ್‌ನಲ್ಲಿ, ಅದನ್ನು ಅಳಿಸಿ ಬರೆಯುವ ದಾರಿಯಿಲ್ಲ. ಆನ್ ಆಗುವಾಗ ಮೆಮೊರಿ ಕಾರ್ಡ್‌ನಲ್ಲಿ ಸಿಸ್ಟಮ್ ಅಪ್‌ಡೇಟ್ ಏನಾದರೂ ಇದೆಯಾ ಅಂತ ಇಣುಕುವ ಅಭ್ಯಾಸವನ್ನು ಸೋನಿಯೇ ಅದಕ್ಕೆ ಕಲಿಸಿದೆ. ಫ್ರೀ ಎಂಸಿಬೂಟ್ ಆ ಜಾಗದಲ್ಲಿ ಅಪ್‌ಡೇಟಿನ ವೇಷ ಹಾಕಿಕೊಂಡು ಕೂರುತ್ತದೆ, ಅಷ್ಟೇ. ಆದ್ದರಿಂದ ಕಾರ್ಡ್ ತೆಗೆಯಿರಿ, ಪೆನ್‌ಡ್ರೈವ್ ತೆಗೆಯಿರಿ, ಆನ್ ಮಾಡಿ. ಬ್ರೌಸರ್, ಸಿಸ್ಟಮ್ ಕಾನ್ಫಿಗರೇಷನ್ ಅನ್ನುವ ಹಳೇ ಮೆನು ಬಂದರೆ ಕನ್ಸೋಲ್ ಚೆನ್ನಾಗಿದೆ, ತಪ್ಪು ಏನಿದ್ದರೂ ನಿಮ್ಮ ಕೈಯಲ್ಲಿರುವ ಕಾರ್ಡ್‌ನಲ್ಲೋ ಡ್ರೈವ್‌ನಲ್ಲೋ ಇದೆ. ನಿಂಟೆಂಡೊ ವೀ ಕಥೆ ಬೇರೆ. ಅಲ್ಲಿ ಬದಲಾವಣೆ ಒಳಗಿನ ಫ್ಲ್ಯಾಶ್ ಮೆಮೊರಿಗೇ ಹೋಗುತ್ತದೆ, ಒಂದು ಸಿಸ್ಟಮ್ ಫೈಲ್ ಎಡವಟ್ಟಾದರೆ ಪೆಟ್ಟಿಗೆ ನಿಜವಾಗಿಯೂ ಇಟ್ಟಿಗೆ. ಆ ಹೆದರಿಕೆಯನ್ನು ಪಿಎಸ್‌2ಕ್ಕೆ ತರಬೇಡಿ.

ಇನ್ನು ಕನ್ಸೋಲಿನ ಜಾತಕ. ತಿರುಗಿಸಿ ಹಿಡಿದರೆ ಸ್ಟಿಕ್ಕರ್ ಮೇಲೆ ಎಸ್‌ಸಿಪಿಎಚ್ ಅಂತ ಶುರುವಾಗುವ ಮಾಡೆಲ್ ನಂಬರ್, ಪಕ್ಕದಲ್ಲಿ ಒಂದು ಅಂಕಿ-ಅಕ್ಷರದ ಡೇಟ್ ಕೋಡ್ ಇರುತ್ತದೆ. 90000 ಸರಣಿಯ ಸ್ಲಿಮ್ (ತೆಳ್ಳಗಿನ ಮಾಡೆಲ್) ಆಗಿದ್ದು ಕೋಡ್ 8ಡಿ ಅಥವಾ ಆಮೇಲಿನದಾಗಿದ್ದರೆ ಫ್ರೀ ಎಂಸಿಬೂಟ್ ಆಸೆ ಬಿಡಿ. ಆ ಹೊತ್ತಿಗೆ ಸೋನಿ ಕಾರ್ಡ್‌ನಿಂದ ಅಪ್‌ಡೇಟ್ ಓದುವುದನ್ನೇ ಕಿತ್ತುಹಾಕಿತ್ತು. ಗಡಿಯಲ್ಲಿರುವ 8ಸಿ ಪೆಟ್ಟಿಗೆಗಳಲ್ಲಿ ಕೆಲವು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ: ಬಯೋಸ್ 2.20 ಇದ್ದರೆ ಸರಿ, 2.30 ಇದ್ದರೆ ಇಲ್ಲ. ಇಂಥ ಕನ್ಸೋಲಿಗೆ ಮತ್ತೆ ಮತ್ತೆ ಫ್ರೀ ಎಂಸಿಬೂಟ್ ಇನ್‌ಸ್ಟಾಲ್ ಮಾಡಿ "ಲೋಗೋ ಬರ್ತಿಲ್ಲ" ಅಂದರೆ ಬರುವುದೇ ಇಲ್ಲ. ಅದಕ್ಕೆ ಇದೇ ಕೆಲಸ ಬೇರೆ ದಾರಿಯಲ್ಲಿ ಮಾಡುವ ಓಪನ್‌ಟ್ಯೂನಾ ಬೇಕು. ಓಪನ್‌ಟ್ಯೂನಾ ಆನ್ ಮಾಡಿದ ಕೂಡಲೇ ಮೇಲೇಳುವುದಿಲ್ಲ. ಬ್ರೌಸರ್ ಒಳಗೆ ಹೋಗಿ ಮೆಮೊರಿ ಕಾರ್ಡ್ ತೆರೆದಾಗ, ಸೇವ್‌ಗಳ ಐಕಾನ್ ಲೋಡ್ ಆಗುವ ಹೊತ್ತಿನಲ್ಲಿ ಅದರ ಕೆಲಸ. ಅದರ ಫೋಲ್ಡರಿನ ತಾರೀಖು ಕಾರ್ಡ್‌ನಲ್ಲಿರುವ ಬೇರೆಲ್ಲ ಸೇವ್‌ಗಳಿಗಿಂತ ಮುಂದಿರಬೇಕು, ಆಗಲೇ ಅದು ಸಾಲಿನ ಮೊದಲಿಗೆ ಬರುತ್ತದೆ. ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಇವತ್ತಿನ ತಾರೀಖು ಕೂರುತ್ತದೆ, ನಾಳೆ ಹೊಸ ಸೇವ್ ಬಿದ್ದ ಮೇಲೆ ಕೈಕೊಡುತ್ತದೆ. ಇನ್‌ಸ್ಟಾಲರ್ ಮೂಲಕವೇ ಹಾಕಿ.

ಈಗ ಮೆಮೊರಿ ಕಾರ್ಡ್. ನನ್ನ ಪ್ರಕಾರ ಅರ್ಧಕ್ಕರ್ಧ ತಲೆನೋವಿನ ಮೂಲ ಇದೇ. ಸೋನಿಯ ಅಸಲಿ ಕಾರ್ಡ್ 8 ಎಂಬಿ. ಆನ್‌ಲೈನ್‌ನಲ್ಲಿ "64 ಎಂಬಿ, ಫ್ರೀ ಎಂಸಿಬೂಟ್ ಹಾಕಿಯೇ ಕೊಡ್ತೀವಿ" ಅಂತ ಸಿಗುವುದರಲ್ಲಿ ಬೇರೆ ಕಂಟ್ರೋಲರ್, ಕಳಪೆ ಫ್ಲ್ಯಾಶ್. ಸೋನಿ ಹೆಸರು ಅಚ್ಚಾಗಿರುವ 8 ಎಂಬಿ ಡೂಪ್ಲಿಕೇಟೂ ಬೇಕಾದಷ್ಟಿವೆ. ಮೊದಲ ದಿನ ಚೆನ್ನಾಗಿ ನಡೆಯುತ್ತದೆ. ನಾಲ್ಕು ಸೇವ್ ಬಿದ್ದ ಮೇಲೆ ಮೆನು ಅರ್ಧಕ್ಕೇ ನಿಲ್ಲುತ್ತದೆ, ಇಲ್ಲವೇ "ಕಾರ್ಡ್ ಫಾರ್ಮ್ಯಾಟ್ ಆಗಿಲ್ಲ" ಅನ್ನುತ್ತದೆ. ಇಂಥ ಕಾರ್ಡ್ ಕೊಂಡೇ ಬಿಟ್ಟಿದ್ದರೆ ಅದನ್ನು ಬೂಟ್ ಮಾಡಲಿಕ್ಕಷ್ಟೇ ಇಟ್ಟುಕೊಳ್ಳಿ, ಸೇವ್‌ಗಳಿಗೆ ಎರಡನೇ ಸ್ಲಾಟ್‌ನಲ್ಲಿ ಇನ್ನೊಂದು ಅಸಲಿ ಕಾರ್ಡ್ ಹಾಕಿ. ಮ್ಯಾಜಿಕ್‌ಗೇಟ್ (ಕಾರ್ಡಿನೊಳಗಿನ ಸೋನಿಯ ಎನ್‌ಕ್ರಿಪ್ಷನ್ ಬೀಗ) ಇಲ್ಲದ ಕಾರ್ಡ್‌ಗೆ ಫ್ರೀ ಎಂಸಿಬೂಟ್ ಹತ್ತುವುದೇ ಇಲ್ಲ, ಓಪನ್‌ಟ್ಯೂನಾ ಹತ್ತುತ್ತದೆ.

ಮ್ಯಾಜಿಕ್‌ಗೇಟ್ ಅಂದರೇನು ಅಂತ ಗೊತ್ತಿದ್ದರೆ ಇನ್ನೊಂದು ಸಾಮಾನ್ಯ ತಪ್ಪು ತಾನೇ ನಿಲ್ಲುತ್ತದೆ. ಫ್ರೀ ಎಂಸಿಬೂಟ್‌ನ ಮುಖ್ಯ ಫೈಲನ್ನು ಆಯಾ ಕಾರ್ಡಿನ ಗುರುತಿಗೆ ಕಟ್ಟಿ ಎನ್‌ಕ್ರಿಪ್ಟ್ ಮಾಡಿರುತ್ತದೆ. ಗೆಳೆಯನ ಕಾರ್ಡ್‌ನಿಂದ ಆ ಸಿಸ್ಟಮ್ ಫೋಲ್ಡರನ್ನು ನಿಮ್ಮದಕ್ಕೆ ಕಾಪಿ ಮಾಡಿದರೆ ಫೈಲೇನೋ ಬರುತ್ತದೆ, ಬೀಗದ ಕೈ ಬರುವುದಿಲ್ಲ. ಪ್ರತಿ ಕಾರ್ಡಿಗೂ ಇನ್‌ಸ್ಟಾಲರ್ ಓಡಿಸಲೇಬೇಕು. ಓಡಿಸುವಾಗ ನಾರ್ಮಲ್ ಇನ್‌ಸ್ಟಾಲ್ ಆರಿಸಿ. ಮಲ್ಟಿ ಇನ್‌ಸ್ಟಾಲ್ ಎಲ್ಲಾ ದೇಶದ ಕನ್ಸೋಲಿಗೂ ಒಂದೇ ಕಾರ್ಡ್ ಆಗಲಿ ಅಂತ ಹತ್ತಾರು ಹೆಸರುಗಳನ್ನು ಒಂದೇ ಡೇಟಾಗೆ ತೋರಿಸಿ ಬಿಡುತ್ತದೆ. ಮುಂದೆ ಅದರಲ್ಲಿ ಒಂದನ್ನು ಅಳಿಸಿದರೂ ಉಳಿದದ್ದೆಲ್ಲ ಕುಸಿಯುತ್ತದೆ, ಕಾರ್ಡ್ ಫಾರ್ಮ್ಯಾಟ್ ಮಾಡುವುದೊಂದೇ ದಾರಿ. ಮನೆಯಲ್ಲಿ ಇರುವುದು ಒಂದೇ ಪಿಎಸ್‌2, ಹತ್ತು ದೇಶದ ಗೊಡವೆ ಯಾಕೆ?

ಮೊದಲ ಸಲ ಇನ್‌ಸ್ಟಾಲರ್ ಓಡಿಸುವುದು ಹೇಗೆ ಅನ್ನುವವರಿಗೆ ಡಿಸ್ಕ್‌ನಿಂದಲೇ ಅದನ್ನು ಓಡಿಸಲು ಬಿಡುವ, 2020ರಲ್ಲಿ ಬಂದ ಫ್ರೀಡಿವಿಡಿಬೂಟ್ ಇದೆ. ಖಾಲಿ ಡಿವಿಡಿ-ಆರ್‌ಗೆ ಅದರ ಐಎಸ್ಓ (ಇಡೀ ಡಿಸ್ಕಿನ ಪ್ರತಿ ಇರುವ ಫೈಲ್) ಬರ್ನ್ ಮಾಡಬೇಕು, ಕೊನೆಗೆ ಫೈನಲೈಸ್ ಮಾಡಬೇಕು. ಮುಖ್ಯ ಮೆನುವಿನಲ್ಲಿ ತ್ರಿಕೋನ ಬಟನ್ ಒತ್ತಿದರೆ ಡಿವಿಡಿ ಪ್ಲೇಯರ್ ವರ್ಷನ್ ತೋರಿಸುತ್ತದೆ, ಐಎಸ್ಓ ಅದಕ್ಕೆ ಹೊಂದಬೇಕು. ಸ್ಲಿಮ್‌ಗಳಿಗೆಂದೇ ಮಾಡಿದ ಐಎಸ್ಓ ನಡೆಯಬೇಕಾದರೆ ಕನ್ಸೋಲಿನ ಭಾಷೆ ಇಂಗ್ಲಿಷ್‌ನಲ್ಲೇ ಇರಬೇಕು. ಭಾಷೆ ಫ್ರೆಂಚ್‌ನಲ್ಲೋ ಜರ್ಮನ್‌ನಲ್ಲೋ ಇಟ್ಟುಕೊಂಡು ಡಿಸ್ಕ್ ಮೇಲೆ ಡಿಸ್ಕ್ ಸುಟ್ಟರೆ ಪ್ರಯೋಜನವಿಲ್ಲ. ಲೆನ್ಸ್ ಸೊರಗಿದ್ದರೆ ಅದು ತೊಂದರೆ ಕೊಡುವುದು ಇಲ್ಲಿ ಮಾತ್ರ.

ಒಂದು ಮಾತು ಸೇರಿಸಬೇಕು. ನಮ್ಮಲ್ಲಿ ಕೈಯಿಂದ ಕೈಗೆ ಬಂದ ಪಿಎಸ್‌2ಗಳಲ್ಲಿ ಮೊದಲೇ ಚಿಪ್ (ಕಾಪಿ ಡಿಸ್ಕ್ ಓಡಿಸಲು ಬೋರ್ಡಿಗೆ ಬೆಸೆಯುವ ಮಾಡ್‌ಚಿಪ್) ಹಾಕಿಸಿಕೊಂಡವು ತುಂಬಾ. ಚಿಪ್ ಮತ್ತು ಫ್ರೀ ಎಂಸಿಬೂಟ್ ಒಂದೇ ಹೊತ್ತಿಗೆ ಬೂಟ್‌ಗೆ ಕೈಹಾಕಿದರೆ ಕೆಲವೊಮ್ಮೆ ಕಪ್ಪು ಪರದೆಯೇ ಗತಿ. ಹಲವು ಚಿಪ್‌ಗಳನ್ನು ಕಂಟ್ರೋಲರ್‌ನಲ್ಲಿ ಒಂದು ಬಟನ್ ಹಿಡಿದು ಆನ್ ಮಾಡುವ ಮೂಲಕ ಆ ಸಲಕ್ಕೆ ಮಲಗಿಸಬಹುದು. ಯಾವ ಬಟನ್ ಎಂಬುದು ಚಿಪ್‌ನಿಂದ ಚಿಪ್‌ಗೆ ಬೇರೆ.

ಮೆನು ಬರುತ್ತದೆ, ಓಪಿಎಲ್ ಆರಿಸಿದರೆ ಮಿಂಚಿ ಮತ್ತೆ ಮೆನುವಿಗೇ ಬರುತ್ತದೆ ಅಂದರೆ ವಿಳಾಸ ತಪ್ಪು. ಫ್ರೀ ಎಂಸಿಬೂಟ್ ಕಾನ್ಫಿಗರೇಟರ್‌ನಲ್ಲಿ ಕೊಟ್ಟ ಫೋಲ್ಡರ್ ಹೆಸರೂ ಕಾರ್ಡ್‌ನಲ್ಲಿರುವ ಹೆಸರೂ ಅಕ್ಷರಕ್ಕಕ್ಷರ ಒಂದಿರಬೇಕು, ದೊಡ್ಡಕ್ಷರ-ಚಿಕ್ಕಕ್ಷರ ಸೇರಿ. ಓಪಿಎಲ್‌ನ ಸೆಟ್ಟಿಂಗ್ ಕೆಡಿಸಿಕೊಂಡಿದ್ದರೆ ಅದು ಲೋಡ್ ಆಗುವಾಗ ಸ್ಟಾರ್ಟ್ ಹಿಡಿದಿರಿ, ಹಳೇ ಸೆಟ್ಟಿಂಗ್ ಓದದೆ ತೆರೆಯುತ್ತದೆ. ವಿಡಿಯೊ ಮೋಡ್ ಬದಲಾಯಿಸಿ ಟಿವಿಯಲ್ಲಿ ಏನೂ ಕಾಣದಿದ್ದರೆ ತ್ರಿಕೋನ ಮತ್ತು ಕ್ರಾಸ್ ಎರಡನ್ನೂ ಒಟ್ಟಿಗೆ ಹಿಡಿಯಿರಿ.

ಪೆನ್‌ಡ್ರೈವ್ ಬಗ್ಗೆ ನನ್ನ ಅಭಿಪ್ರಾಯ ಖಾರವಾಗಿಯೇ ಇದೆ: ಪಿಎಸ್‌2ದಲ್ಲಿ ಗೇಮ್ ಆಡಲು ಇರುವ ದಾರಿಗಳಲ್ಲಿ ಇದೇ ಅತಿ ಕೆಟ್ಟದ್ದು, ಎಲ್ಲರೂ ಹಿಡಿಯುವುದೂ ಇದನ್ನೇ. ಕನ್ಸೋಲಿನ ಮುಂಭಾಗದ ಪೋರ್ಟ್ ಯುಎಸ್‌ಬಿ 1.1. ಸೆಕೆಂಡಿಗೆ 12 ಮೆಗಾಬಿಟ್, ಅಂದರೆ ಕಾಗದದ ಮೇಲೆ 1.5 ಎಂಬಿ, ನಿಜದಲ್ಲಿ ಸುಮಾರು 1 ಎಂಬಿ. ಕನ್ಸೋಲಿನ ಡಿವಿಡಿ ಡ್ರೈವ್ 4ಎಕ್ಸ್, ಸೆಕೆಂಡಿಗೆ ಸುಮಾರು 5.3 ಎಂಬಿ. ಆ ವೇಗ ನಂಬಿ ಮಾಡಿದ ಗೇಮ್‌ನ ವಿಡಿಯೊ ದೃಶ್ಯ ಇಲ್ಲಿ ತಡವರಿಸದೆ ಇನ್ನೇನು ಮಾಡೀತು? ಮಾತು ಒಂದು ಕಡೆ, ತುಟಿ ಒಂದು ಕಡೆ, ನಡುವೆ ಅರ್ಧ ಸೆಕೆಂಡು ಎಲ್ಲವೂ ಸ್ತಬ್ಧ. 3.0 ಪೆನ್‌ಡ್ರೈವ್ ತಂದರೂ ಇದು ಬದಲಾಗುವುದಿಲ್ಲ, ಕೊಳಾಯಿ ಸಣ್ಣದು.

ಪಟ್ಟಿಯಲ್ಲಿ ಗೇಮೇ ಕಾಣದಿದ್ದರೆ ಡ್ರೈವ್‌ನ ತಯಾರಿ ನೋಡಿ. ಪಾರ್ಟಿಷನ್ ಬಗೆ ಎಂಬಿಆರ್ ಆಗಿರಬೇಕು, ಜಿಪಿಟಿ ಬೇಡ. ಫಾರ್ಮ್ಯಾಟ್ ಫ್ಯಾಟ್32. ವಿಂಡೋಸ್‌ನ ರೈಟ್ ಕ್ಲಿಕ್ ಕಿಟಕಿ 32 ಜಿಬಿ ದಾಟಿದ ಡ್ರೈವ್‌ಗೆ ಫ್ಯಾಟ್32 ತೋರಿಸದಿದ್ದರೆ ರೂಫಸ್ ಎಂಬ ಪ್ರೋಗ್ರಾಂನಲ್ಲಿ ಮಾಡಿ. ಓಪಿಎಲ್ 1.2.0 ಬೀಟಾಗಳು ಎಕ್ಸ್‌ಫ್ಯಾಟ್ ಕೂಡ ಓದುತ್ತವೆ, ಆದರೆ ಕನ್ಸೋಲಿನಲ್ಲಿ ಫೈಲ್ ಹುಡುಕಿ ತೆರೆಯುವ ಪ್ರೋಗ್ರಾಂ ಯುಲಾಂಚ್‌ಎಲ್ಫ್‌ನ ಹಳೇ ವರ್ಷನ್ ಓದುವುದಿಲ್ಲ. ಹಾಗಾಗಿ ಎಕ್ಸ್‌ಫ್ಯಾಟ್‌ಗೆ ಹೋಗುವವರು ಓಪಿಎಲ್ ಅನ್ನು ಮೊದಲು ಮೆಮೊರಿ ಕಾರ್ಡ್‌ಗೆ ಹಾಕಿಕೊಳ್ಳಿ, ಪೆನ್‌ಡ್ರೈವ್‌ನಲ್ಲೇ ಬಿಟ್ಟು ಆಮೇಲೆ ಹುಡುಕಬೇಡಿ. ಸಿಡಿ, ಡಿವಿಡಿ ಅನ್ನುವ ಫೋಲ್ಡರ್‌ಗಳ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿರಲಿ.

ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಸುವುದಿಲ್ಲ. ಅಂಥ ಗೇಮನ್ನು ಯುಎಸ್‌ಬಿಯುಟಿಲ್‌ನಂಥ ಪ್ರೋಗ್ರಾಂ 1 ಜಿಬಿ ತುಂಡುಗಳಾಗಿ ಕತ್ತರಿಸಿ ಕೊಡುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಫೈಲ್ ಚೆದುರುವಿಕೆ. ಡಿಸ್ಕ್‌ನಿಂದ ಓದುತ್ತಿದ್ದೇನೆ ಅಂತ ಗೇಮ್ ತಿಳಿದಿರುತ್ತದೆ. ಅದು ಕೇಳುವ ಸೆಕ್ಟರನ್ನು ಓಪಿಎಲ್ ಲೆಕ್ಕಹಾಕಿ ಡ್ರೈವ್‌ನಿಂದ ತೆಗೆದುಕೊಡಬೇಕು. ಫೈಲ್ ಒಂದೇ ಸಾಲಿನಲ್ಲಿದ್ದರೆ ಲೆಕ್ಕ ಸುಲಭ. ಮೂರು ಗೇಮ್ ಅಳಿಸಿ ಆ ಸಂದಿಗಳಲ್ಲಿ ಒಂದು ದೊಡ್ಡ ಗೇಮ್ ತುರುಕಿದರೆ ಅದು ಚೂರುಚೂರಾಗಿ ಕೂರುತ್ತದೆ, ಗೇಮ್ ತೆರೆಯುವುದಿಲ್ಲ ಅಥವಾ ನಡುವೆ ನಿಲ್ಲುತ್ತದೆ. ಹೊಸ ಬೀಟಾಗಳು ಸ್ವಲ್ಪ ಮಟ್ಟಿಗೆ ಸಹಿಸಿಕೊಳ್ಳುತ್ತವೆ, ಹಳೆಯವು ಇಲ್ಲ. ಕಂಪ್ಯೂಟರಿನಲ್ಲಿ ಮೈಕ್ರೊಸಾಫ್ಟ್‌ನದೇ ಕಂಟಿಗ್ ಎಂಬ ಚಿಕ್ಕ ಪ್ರೋಗ್ರಾಂ ಇದೆ. ಅದು ಫೈಲ್ ಎಷ್ಟು ಚೂರಾಗಿದೆ ಅಂತ ಹೇಳುತ್ತದೆ. ಸೋಮಾರಿಗಳ ದಾರಿಯೂ ಇದೆ, ನಾನು ಅದನ್ನೇ ಹೇಳುವುದು: ಎಲ್ಲವನ್ನೂ ಕಂಪ್ಯೂಟರಿಗೆ ಎತ್ತಿಟ್ಟು, ಡ್ರೈವ್ ಫಾರ್ಮ್ಯಾಟ್ ಮಾಡಿ, ಒಂದು ಮುಗಿದ ಮೇಲೆ ಇನ್ನೊಂದರಂತೆ ಕಾಪಿ ಮಾಡಿ. ನಾಲ್ಕನ್ನು ಒಟ್ಟಿಗೆ ಎಳೆದು ಬಿಡಬೇಡಿ.

2.5 ಇಂಚಿನ ಹಾರ್ಡ್ ಡಿಸ್ಕ್ ನೇರ ಚುಚ್ಚಿದರೆ ಟಿಕ್ ಟಿಕ್ ಅಂದು ಸುಮ್ಮನಾಗುವುದು ಕರೆಂಟ್ ಸಾಲದೆ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿ, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸುಲಭವಾಗಿ ಸಿಗುತ್ತದೆ.

ಪಟ್ಟಿಯಲ್ಲಿ ಹೆಸರಿದೆ, ಒತ್ತಿದರೆ ಕಪ್ಪು. ಇಲ್ಲಿ ಎಲ್ಲರೂ ಮಾಡುವ ತಪ್ಪು ಓಪಿಎಲ್‌ನ ಗೇಮ್ ಸೆಟ್ಟಿಂಗ್‌ನಲ್ಲಿರುವ ಮೋಡ್ 1ರಿಂದ 6ರವರೆಗೆ ಎಲ್ಲಕ್ಕೂ ಟಿಕ್ ಹೊಡೆಯುವುದು. ಅವು ಬೇರೆ ಬೇರೆ ಕಾಯಿಲೆಗೆ ಬೇರೆ ಬೇರೆ ಮಾತ್ರೆ. 1 ಓದುವ ವೇಗವನ್ನು ಡಿಸ್ಕ್‌ನಂತೆ ನಿಖರ ಮಾಡುತ್ತದೆ, 2 ಓದು ಮುಗಿಯುವವರೆಗೆ ಕಾಯಿಸುತ್ತದೆ, 4 ವಿಡಿಯೊ ದಾಟಿಸುತ್ತದೆ, 6 ಗೇಮ್ ನಡುವೆ ಹೊರಬರುವ ಬಟನ್ ಸೌಲಭ್ಯವನ್ನು ಆಫ್ ಮಾಡುತ್ತದೆ. ಮೊದಲು ಎಲ್ಲ ತೆಗೆಯಿರಿ. ವರ್ಚುವಲ್ ಮೆಮೊರಿ ಕಾರ್ಡ್, ಚೀಟ್, ಜಿಎಸ್‌ಎಂ (ವಿಡಿಯೊ ಮೋಡ್ ಬದಲಿಸುವ ಸೌಲಭ್ಯ), ಪ್ಯಾಡ್ ಎಮ್ಯುಲೇಟರ್ ಇವನ್ನೂ ಆಫ್ ಮಾಡಿ. ಬರಿಮೈಯಲ್ಲಿ ಓಡುತ್ತದಾ ನೋಡಿ, ಆಮೇಲೆ ಒಂದೊಂದೇ ಹಾಕಿ.

ಮೋಡ್‌ಗಿಂತ ಮೊದಲು ಐಎಸ್ಓ ಮೇಲೇ ಅನುಮಾನ ಪಡಬೇಕು ಅನ್ನುವವನು ನಾನು. ಪಿಎಸ್‌2ದ ಕೆಲವು ಗೇಮ್‌ಗಳು ನೀಲಿ ತಳದ ಸಿಡಿಯಲ್ಲಿ ಬಂದವು. ಅವುಗಳ ಪ್ರತಿ ಸಾಮಾನ್ಯವಾಗಿ ಬಿನ್-ಕ್ಯೂ ಜೋಡಿಯಾಗಿರುತ್ತದೆ. ಬಿನ್ ಫೈಲ್‌ನ ಹೆಸರಿನ ಬಾಲ ಬದಲಿಸಿ ಐಎಸ್ಓ ಅಂತ ಮಾಡಿದರೆ ಐಎಸ್ಓ ಆಗುವುದಿಲ್ಲ. ಬಿನ್‌ನಲ್ಲಿ ಪ್ರತಿ ಸೆಕ್ಟರ್ 2352 ಬೈಟ್, ಓಪಿಎಲ್ ನಿರೀಕ್ಷಿಸುವುದು 2048. ಮೊದಲ ಸೆಕ್ಟರಿನಿಂದಲೇ ಅಳತೆ ತಪ್ಪಿ ಗೇಮ್ ಕುರುಡಾಗುತ್ತದೆ. ಸರಿಯಾಗಿ ಪರಿವರ್ತಿಸಿ, ಸಿಡಿ ಫೋಲ್ಡರಿನಲ್ಲಿಡಿ. ನಿಮ್ಮದೇ ಡಿಸ್ಕ್ ಇದ್ದರೆ ಕಂಪ್ಯೂಟರಿನ ಡ್ರೈವ್‌ನಲ್ಲಿ ಇಮ್‌ಗ್‌ಬರ್ನ್‌ನಿಂದ ನೀವೇ ಐಎಸ್ಓ ತೆಗೆಯಿರಿ. ಗೀರು ಬಿದ್ದ ಜಾಗದಲ್ಲಿ ಅದು ಎರರ್ ತೋರಿಸುತ್ತದೆ, ಯಾರೋ ಕೊಟ್ಟ ಫೈಲ್ ತೋರಿಸುವುದಿಲ್ಲ.

ಪೆನ್‌ಡ್ರೈವ್ ಬೇಡ ಅಂದಮೇಲೆ ಏನು? ಎಂಎಕ್ಸ್4ಎಸ್‌ಐಓ ಅನ್ನುವ ಎಸ್‌ಡಿ ಕಾರ್ಡ್ ಅಡಾಪ್ಟರ್ ಮೆಮೊರಿ ಕಾರ್ಡಿನ ಎರಡನೇ ಸ್ಲಾಟ್‌ಗೆ ಕೂರುತ್ತದೆ, ಯುಎಸ್‌ಬಿಗಿಂತ ಚುರುಕು. ಓಪಿಎಲ್ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಲು ಮರೆತು "ಅಡಾಪ್ಟರ್ ಹಾಳು" ಅನ್ನಬೇಡಿ. ಇದಕ್ಕಿಂತ ಒಳ್ಳೆಯದು ನೆಟ್‌ವರ್ಕ್ ಕೇಬಲ್. ಸ್ಲಿಮ್‌ಗಳಲ್ಲಿ ಪೋರ್ಟ್ ಇದ್ದೇ ಇದೆ. ತೊಡಕು ಒಂದೇ: ಕಂಪ್ಯೂಟರಿನಲ್ಲಿರುವ ಗೇಮ್ ತರಲು ಓಪಿಎಲ್ ಮಾತಾಡುವುದು ಹಳೇ ಎಸ್‌ಎಂಬಿ1 (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಪ್ರೋಟೊಕಾಲ್), ಈಗಿನ ವಿಂಡೋಸ್ ಅದನ್ನು ಆಫ್ ಮಾಡಿಟ್ಟಿರುತ್ತದೆ. 2017ರ ವಾನಕ್ರೈ ಎಂಬ ಕಂಪ್ಯೂಟರ್ ಪಿಡುಗು ಹರಡಿದ್ದು ಇದೇ ಬಾಗಿಲಿನಿಂದ. ಕೆಲಸದ ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೆರೆಯಬೇಡಿ. ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇದ್ದರೆ ಅದರಲ್ಲಿ ಸಾಂಬಾ ಎಂಬ ಫೈಲ್ ಹಂಚುವ ಪ್ರೋಗ್ರಾಂಗೆ ಕನಿಷ್ಠ ಪ್ರೋಟೊಕಾಲ್ ಎನ್‌ಟಿ1 ಅಂತ ಕೊಟ್ಟು, ಎನ್‌ಟಿಎಲ್‌ಎಂ ದೃಢೀಕರಣ ಒಪ್ಪಿಸಿ. ಪಿಎಸ್‌2ಕ್ಕೂ ಪೈಗೂ ಸ್ಥಿರ ಐಪಿ ಕೊಡಿ, ಪೋರ್ಟ್ 445.

ಚಿತ್ರವೆಲ್ಲ ಹಸಿರು ಬಳಿದಂತೆ ಕಂಡರೆ ಈ ಮಾರ್ಪಾಡಿಗೂ ಅದಕ್ಕೂ ಸಂಬಂಧವಿಲ್ಲ. ಕಾಂಪೊನೆಂಟ್ ಕೇಬಲ್ ಅಥವಾ ಅಗ್ಗದ ಎಚ್‌ಡಿಎಂಐ ಡಾಂಗಲ್ ಹಾಕಿದ್ದೀರಿ, ಸಿಸ್ಟಮ್ ಕಾನ್ಫಿಗರೇಷನ್‌ನಲ್ಲಿ ಆರ್‌ಜಿಬಿ ಉಳಿದಿದೆ. ವೈ-ಸಿಬಿ-ಸಿಆರ್‌ಗೆ ತಿರುಗಿಸಿ.

ಇಷ್ಟಾದರೂ ಬಗೆಹರಿಯದವರು ಕೆಳಗೆ ಕೇಳಿ. "ವರ್ಕ್ ಆಗ್ತಿಲ್ಲ ಅಣ್ಣ" ಅಂತ ಮಾತ್ರ ಬರೆಯಬೇಡಿ. ಸ್ಟಿಕ್ಕರಿನ ಮಾಡೆಲ್ ನಂಬರ್ ಮತ್ತು ಡೇಟ್ ಕೋಡ್, ಒಳಗೆ ಚಿಪ್ ಇದೆಯೋ ಇಲ್ಲವೋ, ಕಾರ್ಡ್ ಅಸಲಿಯೋ ಡೂಪ್ಲಿಕೇಟೋ, ಓಪಿಎಲ್ ವರ್ಷನ್, ಡ್ರೈವ್ ಫಾರ್ಮ್ಯಾಟ್, ಎಷ್ಟನೇ ಹೆಜ್ಜೆಯಲ್ಲಿ ನಿಂತಿತು ಇವನ್ನು ಬರೆಯಿರಿ. ಗೇಮ್‌ನ ಹೆಸರಿನ ಜೊತೆ ಕೋಡ್ ಕೂಡ ಬೇಕು. ಒಂದೇ ಗೇಮ್‌ನ ಅಮೆರಿಕದ ಪ್ರತಿ ಎಸ್‌ಎಲ್‌ಯುಎಸ್, ಯುರೋಪಿನದು ಎಸ್‌ಎಲ್‌ಇಎಸ್. ಒಂದಕ್ಕೆ ಬೇಕಾದ ಮೋಡ್ ಇನ್ನೊಂದಕ್ಕೆ ಬೇಕಿರುವುದಿಲ್ಲ.