ದಂಡ ಹೊಡೆದದ್ದು ಯಾರಿಗೆ?

ಕಲಬುರಗಿಯ ನಮ್ಮ ಬಡಾವಣೆಯ ಪಾರ್ಕಿಗೆ ಓಪನ್ ಜಿಮ್ ಬಂದು ಎರಡು ಬೇಸಿಗೆ ಆಯಿತು. ಬಂದ ದಿನ ರಿಬ್ಬನ್ ಇತ್ತು, ಶಾಲು ಇತ್ತು, ಕತ್ತರಿ ಇತ್ತು. ಮುಖ್ಯ ಅತಿಥಿಗಳು ಸೀಟಿನ ಮೇಲೆ ಕೂತು ಹಿಡಿಕೆ ಎಳೆದರು. ಫೋಟೊ ಆಯಿತು. ಆಮೇಲೆ ಆ ಸೀಟು ಅಷ್ಟು ಹುರುಪಿನಿಂದ ಮೇಲೆದ್ದದ್ದನ್ನು ನಾನಂತೂ ನೋಡಿಲ್ಲ.

ಈ ಯಂತ್ರದ ಗುಟ್ಟು ನನಗೆ ತಿಳಿದದ್ದು ತಡವಾಗಿ. ದುಡ್ಡು ಕೊಟ್ಟು ಹೋಗುವ ಜಿಮ್ಮಿನಲ್ಲಿ ಇರುತ್ತವಲ್ಲ, ಕಬ್ಬಿಣದ ಬಿಲ್ಲೆಗಳು, ಅವು ಇದರಲ್ಲಿ ಇಲ್ಲ. ಹಿಡಿಕೆ ಎಳೆದರೆ ಸೀಟು ಮೇಲೇಳುತ್ತದೆ. ಸೀಟಿನ ಮೇಲೆ ಕೂತವರು ನೀವೇ. ಎತ್ತುವವರೂ ನೀವೇ, ಭಾರವೂ ನೀವೇ. ನಮ್ಮ ಮೈಯನ್ನು ನಾವೇ ಎತ್ತಿಕೊಳ್ಳಲು ಅಂದಾಜುಪಟ್ಟಿ, ಟೆಂಡರ್, ಕಾಮಗಾರಿ ಬೋರ್ಡು!

ಗರಡಿಯವರು ಇದನ್ನೇ ಬರೀ ನೆಲದ ಮೇಲೆ ಮಾಡುತ್ತಿದ್ದರು. ದಂಡ ಹೊಡೆದರೆ ಎದೆ, ಭುಜ, ತೋಳು. ಬಸ್ಕಿ ಹೊಡೆದರೆ ತೊಡೆ. ಖರ್ಚು ಒಂದು ಲಂಗೋಟಿ. ನೆಲಕ್ಕೆ ಕೈಯೂರಿ ಪುಷ್ ಅಪ್ ಮಾಡುವಾಗ ಮೈತೂಕದ ಸುಮಾರು ಮೂರರಲ್ಲಿ ಎರಡು ಪಾಲು ಕೈಗಳ ಮೇಲೆ ಬೀಳುತ್ತದೆ. 75 ಕೆಜಿಯ ಆಸಾಮಿಗೆ ಅದು ಹೆಚ್ಚೂಕಡಿಮೆ ಒಂದು ಸಿಮೆಂಟ್ ಚೀಲ. ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿರುವ ಜಿಲ್ಲೆ ನಮ್ಮದು, ಈ ಲೆಕ್ಕ ಬೇಗ ತಿಳಿಯುತ್ತದೆ. ಅಷ್ಟು ಆಗದಿದ್ದರೆ ಮೊಣಕಾಲು ಊರಿ ಮಾಡಿ, ಸುಮಾರು ಮುಕ್ಕಾಲು ಚೀಲಕ್ಕೆ ಇಳಿಯುತ್ತದೆ. ಅದೂ ಆಗದಿದ್ದರೆ ಗೋಡೆಗೆ ಕೈ ಕೊಟ್ಟು ಮಾಡಿ. ಸಲೀಸಾದ ಮೇಲೆ ಕಾಲನ್ನು ಮೆಟ್ಟಿಲ ಮೇಲೆ ಇಟ್ಟು ಮಾಡಿ, ಚೀಲ ಮತ್ತೆ ಭಾರವಾಗುತ್ತದೆ. ಬಿಲ್ಲೆ ಬದಲಿಸಿದ ಹಾಗೇ, ಬಿಲ್ಲು ಮಾತ್ರ ಬರುವುದಿಲ್ಲ.

ತೊಂದರೆ ಅಲ್ಲೇ ಇದೆ ಅಲ್ವಾ?

ನಮ್ಮ ಯಂತ್ರಗಳ ಈಗಿನ ಸ್ಥಿತಿ ಹೀಗಿದೆ. ಒಂದರ ಮೇಲೆ ಹಪ್ಪಳ ಒಣಗುತ್ತವೆ. ಇನ್ನೊಂದಕ್ಕೆ ಆಡು ಕಟ್ಟಿರುತ್ತಾರೆ. ಮೂರನೆಯದು ಗಾಳಿಯಲ್ಲಿ ನಡೆಯುವ ಯಂತ್ರ. ಪಾರ್ಕಿನ ಹೊರಗಿನ ಫುಟ್‌ಪಾತ್ ಅಗೆದು ಬಿಟ್ಟಿದ್ದಾರೆ, ಹಾಗಾಗಿ ಗಾಳಿಯಲ್ಲಿ ನಡೆಯುವುದನ್ನು ಕಲಿಸುವುದು ನ್ಯಾಯವೇ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ದಾಟುತ್ತದೆ. ಆಗ ಆ ಹಿಡಿಕೆ ಮುಟ್ಟುವುದೂ ಒಂದೇ, ರೊಟ್ಟಿ ಹಂಚು ಮುಟ್ಟುವುದೂ ಒಂದೇ. ತುಕ್ಕು ಹಿಡಿಯದೆ ನೆಟ್ಟಗೆ ನಿಂತಿರುವುದು ಉದ್ಘಾಟನೆಯ ಕಲ್ಲು ಮಾತ್ರ. ಅದು ಶಹಾಬಾದ್ ಕಲ್ಲು, ಅದಕ್ಕೆ.

ಒಂದು ದಿನ ಪಕ್ಕದ ಮನೆ ಕಾಕಾ ಬೇವಿನ ಗಿಡದ ಕೆಳಗೆ ಟವೆಲ್ ಹಾಸಿ ದಂಡ ಶುರು ಮಾಡಿದರು. ಅರವತ್ತು ದಾಟಿದವರು. ಮೊದಲ ದಿನ ಮೂರು. ತಿಂಗಳು ಕಳೆಯುವಷ್ಟರಲ್ಲಿ ಹನ್ನೆರಡು. ಸುತ್ತ ನಾಲ್ಕು ಹುಡುಗರು ಸೇರಿದರು, ನಾನೂ ಸೇರಿದೆ. ಶಾಲೆಯಲ್ಲಿ ಶಿಕ್ಷೆ ಅಂತ ಹೊಡೆದ ಬಸ್ಕಿಯನ್ನು ಈಗ ಸ್ವಂತ ಖುಷಿಯಿಂದ ಹೊಡೆಯುವುದು ಒಂಥರಾ ಇತ್ತು.

ಜಿಮ್ ದುರಸ್ತಿ ಯಾವಾಗ ಅಂತ ಕೇಳಲು ಕಚೇರಿಗೆ ಹೋಗಿದ್ದೆ. ಅಲ್ಲಿಯ ಸಾಹೇಬರು ಭಾಳ ಮರ್ಯಾದಸ್ಥರು. ಚಹಾ ತರಿಸಿದರು.

"ಯಂತ್ರ ಬಿಡ್ರಿ ಸಾಹೇಬ್ರ, ನಮಗ ಗಿಡದ ನೆಳ್ಳು, ಒಂದೀಟು ಸಾಪಾದ ನೆಲ ಇದ್ರ ಸಾಕು" ಅಂದೆ.

"ಬರೀ ನೆಲಕ್ಕ ಹ್ಯಾಂಗ್ರಿ ಟೆಂಡರ್ ಕರೀಲಿಕ್ಕ ಬರ್ತದ?" ಅಂದರು. ಖರೇ ಚಿಂತೆ ಅವರ ಮುಖದಲ್ಲಿತ್ತು.

ಆ ಚಿಂತೆ ನಾನು ಹಚ್ಚಬಾರದಿತ್ತು. ಮರುವಾರವೇ ಇಬ್ಬರು ಟೇಪ್ ಹಿಡಿದುಕೊಂಡು ಬಂದು ಬೇವಿನ ಗಿಡದ ಸುತ್ತ ಅಳೆದರು. ಅದಾದ ಮೇಲೆ ತಗಡಿನ ಬೇಲಿ ಬಂತು, 'ಕಾಮಗಾರಿ ಪ್ರಗತಿಯಲ್ಲಿದೆ' ಅನ್ನುವ ಬೋರ್ಡು ಬಂತು. ಒಳಗೆ ನೆಲವನ್ನು ಮೊಣಕಾಲುದ್ದ ಅಗೆದಿದ್ದಾರೆ. ಎರಡು ತಿಂಗಳಾಯಿತು.

ಕಾಕಾ ಈಗ ಮನೆಯಲ್ಲೇ ಬಾಗಿಲ ಚೌಕಟ್ಟು ಹಿಡಿದು ಬಸ್ಕಿ ಹೊಡೆಯುತ್ತಾರೆ. ಮೊನ್ನೆ ನಾನು ಹೋದಾಗ ಬಾಗಿಲು ಅರ್ಧ ಮುಚ್ಚಿದರು.

"ತಮ್ಮಾ, ಈ ಚೌಕಟ್ಟ ಎಷ್ಟ ಫೂಟ್ ಅದ ಅಂತ ಯಾರಾರ ಕೇಳಿದ್ರ ಗೊತ್ತಿಲ್ಲ ಅನ್ನು."