ಸಿವಿಇ-2022-0185: ಪರಿಶೀಲನೆ ಇತ್ತು, ಲೆಕ್ಕ ತಪ್ಪಿತ್ತು

ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಾದ ಸಿವಿಇಯಲ್ಲಿ 2022-0185 ಎಂಬ ಗುರುತು ಪಡೆದ, 2022ರ ಜನವರಿಯಲ್ಲಿ ಲಿನಕ್ಸ್ ಕರ್ನಲ್‌ನ (ಕಾರ್ಯಾಚರಣ ವ್ಯವಸ್ಥೆಯ ತಿರುಳಿನ) ಫೈಲ್‌ಸಿಸ್ಟಮ್ ಭಾಗದಲ್ಲಿ ಸರಿಪಡಿಸಲಾದ ದೋಷದ ಬಗ್ಗೆ, ‘ಅಲ್ಲಿ ಮಿತಿಯ ಪರಿಶೀಲನೆಯೇ ಇರಲಿಲ್ಲ, ಆದರೂ ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲೆ ಪೂರ್ಣ ಹಿಡಿತ, ಇಲ್ಲದವರಿಂದ ಅಪಾಯವಿರಲಿಲ್ಲ’ ಎಂಬ ಮಾತು ಹರಿದಾಡುತ್ತಿದೆ. ಇವೆರಡೂ ಸರಿಯಲ್ಲ.

ಮೌಂಟ್ ಆಯ್ಕೆಗಳನ್ನು (ಫೈಲ್‌ಸಿಸ್ಟಮ್ ಒಂದನ್ನು ಬಳಕೆಗೆ ಜೋಡಿಸುವಾಗ ಕೊಡುವ ಸೂಚನೆಗಳನ್ನು) ಒಂದೊಂದಾಗಿ ಮೆಮೊರಿಯ ಒಂದು ಪುಟದಷ್ಟು, ಅಂದರೆ ಸಾಮಾನ್ಯವಾಗಿ 4096 ಬೈಟ್‌ಗಳ ಬಫರ್‌ಗೆ (ತಾತ್ಕಾಲಿಕ ಸಂಗ್ರಹ ಜಾಗಕ್ಕೆ) ಸೇರಿಸುವ ಈ ಕೋಡ್‌ನಲ್ಲಿ ಪರಿಶೀಲನೆ ಇತ್ತು: ಪುಟದ ಗಾತ್ರದಿಂದ 2ನ್ನೂ ಈಗಾಗಲೇ ತುಂಬಿದ ಗಾತ್ರವನ್ನೂ ಕಳೆದು, ಹೊಸ ಆಯ್ಕೆ ಅದಕ್ಕಿಂತ ದೊಡ್ಡದಾಗಿದ್ದರೆ ನಿರಾಕರಿಸುತ್ತಿತ್ತು. ಆದರೆ ಬಫರ್‌ನಲ್ಲಿ 4095 ಬೈಟ್‌ಗಳು ತುಂಬಿದ್ದಾಗ ಉತ್ತರ ಮೈನಸ್ 1 ಆಗಬೇಕು. ಋಣ ಸಂಖ್ಯೆಗೆ ಜಾಗವಿಲ್ಲದ 64 ಬಿಟ್‌ಗಳ ಲೆಕ್ಕದಲ್ಲಿ ಅದು 18446744073709551615 ಆಗುತ್ತದೆ. ಅಷ್ಟು ದೊಡ್ಡ ಮಿತಿಯ ಮುಂದೆ ಯಾವ ಆಯ್ಕೆಯೂ ಚಿಕ್ಕದೇ ಆದ್ದರಿಂದ ಬರಹ ಬಫರ್‌ನ ಗಡಿ ದಾಟುತ್ತಿತ್ತು. ತಿದ್ದುಪಡಿಯಲ್ಲಿ ಕಳೆಯುವುದನ್ನು ಬಿಟ್ಟು ಕೂಡಲಾಯಿತು: ತುಂಬಿದ ಗಾತ್ರ, ಹೊಸ ಆಯ್ಕೆಯ ಉದ್ದ ಮತ್ತು 2 ಸೇರಿ ಪುಟದ ಗಾತ್ರವನ್ನು ಮೀರಿದರೆ ನಿರಾಕರಣೆ. ಬದಲಾದದ್ದು ಮುಖ್ಯವಾಗಿ ಈ ಒಂದು ಸಾಲು; ಇದನ್ನು ‘ಇಲ್ಲದ ಪರಿಶೀಲನೆ’ ಎಂದರೆ, ಕೋಡ್ ಓದುವವರು ಕಳೆಯುವ ಲೆಕ್ಕವನ್ನು ಅನುಮಾನಿಸುವುದನ್ನೇ ಬಿಟ್ಟಾರು ಎಂಬುದು ನನ್ನ ಕಳವಳ.

ಇನ್ನು ಅಧಿಕಾರದ ವಿಷಯ. ದಾಳಿಗೆ ಬೇಕಾದ ಆಡಳಿತಾಧಿಕಾರ ಯಾವುದೇ ಯೂಸರ್ ನೇಮ್‌ಸ್ಪೇಸ್‌ನೊಳಗೆ (ಬಳಕೆದಾರರಿಗೆ ತನ್ನದೇ ಗುರುತು, ಅಧಿಕಾರಗಳನ್ನು ಕೊಡುವ ಪ್ರತ್ಯೇಕ ವಲಯದೊಳಗೆ) ಇದ್ದರೂ ಸಾಕಿತ್ತು. ಅಂಥ ನೇಮ್‌ಸ್ಪೇಸ್ ಸೃಷ್ಟಿಸಲು ಸಾಮಾನ್ಯ ಖಾತೆಗಳಿಗೂ ಅನುಮತಿ ಇರುವ ಯಂತ್ರಗಳಲ್ಲಿ ರೂಟ್ ಅಲ್ಲದವರೂ ಅದನ್ನು ಪಡೆಯಬಹುದಿತ್ತು. ದೋಷವು ಕರ್ನಲ್‌ನ 2019ರ 5.1 ಆವೃತ್ತಿಯಿಂದ ಇದ್ದು, 5.16.2ರಲ್ಲಿ ಸರಿಹೋಗಿದೆ.