ನಮ್ಮಿಬ್ಬರಿಗೆ ಒಂದು ಕಾಗದ ಕೊಡುವ ಸರ್ಕಾರವೇ ಇಲ್ಲ

"377 ಹೋಯ್ತಲ್ಲ, ಇನ್ನೇನಪ್ಪಾ ನಿಮ್ಮ ತೊಂದರೆ?" ಗಂಡು ಗಂಡಿನ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ, ಬ್ರಿಟಿಷರ ಕಾಲದ 377ನೇ ಕಲಂ ಹೋಯಿತಲ್ಲ ಅನ್ನುವ ಈ ಮಾತು ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ. ಊರಿಗೆ ಫೋನ್ ಮಾಡಿದರೂ ಇದೇ, ಇಲ್ಲಿ ಸಿಂಗಪುರದಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಇದೇ. ಸರಿ, ತೊಂದರೆ ಏನು ಅಂತ ಇವತ್ತು ಬಿಡಿಸಿ ಹೇಳುತ್ತೇನೆ.

ನಾನು ಶಿವಮೊಗ್ಗದವನು. ನನ್ನವನು ಹುಬ್ಬಳ್ಳಿಯವನು. ಇಬ್ಬರೂ ಎಂಪ್ಲಾಯ್‌ಮೆಂಟ್ ಪಾಸ್, ಅಂದರೆ ಹೊರದೇಶದವರಿಗೆ ಕೊಡುವ ಕೆಲಸದ ಪರವಾನಗಿ ಮೇಲೆ ಇಲ್ಲಿ ಕೆಲಸಕ್ಕಿದ್ದೇವೆ, ಒಂದೇ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದೇವೆ. ಬಾಡಿಗೆ, ಕರೆಂಟ್ ಬಿಲ್, ಅಡುಗೆ, ಜಗಳ ಎಲ್ಲವೂ ಒಟ್ಟಿಗೆ. ಹೋದ ವಾರ ಅವನ ಕಂಪನಿಯಲ್ಲಿ ಇಡೀ ಟೀಮನ್ನೇ ಮನೆಗೆ ಕಳಿಸಿದರು. ಇಲ್ಲಿ ಕೆಲಸ ಹೋದರೆ ಪಾಸೂ ಹೋಯಿತು ಅಂತಲೇ ಲೆಕ್ಕ. ಪಾಸ್ ರದ್ದಾದ ಮೇಲೆ ಸಾಮಾನ್ಯವಾಗಿ 30 ದಿನ ಇರಲು ಬಿಡುತ್ತಾರೆ. ಅಷ್ಟರೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲವಾ, ಗಂಟುಮೂಟೆ ಕಟ್ಟಬೇಕು.

ಅದೇ ಟೀಮಿನಲ್ಲಿ ಚೆನ್ನೈನ ಇನ್ನೊಬ್ಬನಿದ್ದ. ಅವನ ಹೆಂಡತಿಗೂ ಇಲ್ಲಿ ಒಳ್ಳೆ ಕೆಲಸ ಇದೆ. ಅವಳು ಅವನಿಗೆ ಡಿಪೆಂಡೆಂಟ್ ಪಾಸ್‌ಗೆ, ಅಂದರೆ ಕೆಲಸದಲ್ಲಿರುವವರ ಮನೆಯವರು ಜೊತೆಗಿರಲು ಕೊಡುವ ಪಾಸ್‌ಗೆ ಅರ್ಜಿ ಹಾಕಿಸಿದಳು. ಇನ್ನು ಅವನು ನಿಧಾನವಾಗಿ ಕೆಲಸ ಹುಡುಕಿಕೊಳ್ಳುತ್ತಾನೆ. ಅವರಿಗೆ ಒಳ್ಳೆಯದಾಗಲಿ, ಅದರಲ್ಲಿ ನನ್ನ ಹೊಟ್ಟೆಕಿಚ್ಚಿಲ್ಲ. ಆದರೆ ನನಗೂ ಕೆಲಸ ಇದೆ ಅಲ್ವಾ? ತಿಂಗಳಿಗೆ 6,000 ಸಿಂಗಪುರ ಡಾಲರ್ ಸಂಬಳ ಬರುವವರು ಗಂಡನನ್ನೋ ಹೆಂಡತಿಯನ್ನೋ, 21 ತುಂಬದ ಮಕ್ಕಳನ್ನೋ ಜೊತೆಗೆ ಇಟ್ಟುಕೊಳ್ಳಬಹುದು. 12,000 ಬಂದರೆ ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಬಹುದು. ಸಂಬಳದ ವಿಷಯದಲ್ಲಿ ನನಗೆ ಯಾವ ಅಡ್ಡಿಯೂ ಇಲ್ಲ.

ಆದರೂ ಒಂದು ಮಾತು ಕೇಳಿಬಿಡೋಣ ಅಂತ ನಮ್ಮ ಎಚ್‌ಆರ್ ಹತ್ತಿರ ಹೋದೆ. ಆಕೆ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನಮ್ಮ ಕಂಪನಿಯದ್ದೇ ಫಾರ್ಮ್. 'ಸಂಬಂಧ' ಅಂತ ಇರುವ ಕಡೆ ಒತ್ತಿದರೆ ಗಂಡ, ಹೆಂಡತಿ, ಮಗ, ಮಗಳು ಅಂತ ಬರುತ್ತದೆ. ಅದರ ಕೆಳಗೆ ಮದುವೆ ಸರ್ಟಿಫಿಕೇಟ್ ಹಾಕುವ ಜಾಗ, ಪಕ್ಕದಲ್ಲಿ ಕೆಂಪು ಚುಕ್ಕಿ. ಅದಿಲ್ಲದೆ ಫಾರ್ಮ್ ಮುಂದಕ್ಕೇ ಹೋಗುವುದಿಲ್ಲ. ಆಕೆ ಒಳ್ಳೆಯವಳು, ಪಾಪ. ಅವಳ ಮುಖವೇ ಸಣ್ಣಗಾಗಿತ್ತು. ಅವಳನ್ನು ಬೈದು ಏನು ಪ್ರಯೋಜನ?

"ಥಾಯ್ಲೆಂಡ್‌ಗೆ ಹೋಗಿ ಮದುವೆ ಆಗಿ ಬನ್ನಿ" ಅಂತ ಬುದ್ಧಿ ಹೇಳುವವರಿಗೂ ಲೆಕ್ಕವಿಲ್ಲ. ಹೌದು, ಅಲ್ಲಿ 2025ರ ಜನವರಿಯಿಂದ ಗಂಡು ಗಂಡು, ಹೆಣ್ಣು ಹೆಣ್ಣು ಮದುವೆ ಆಗಬಹುದು. ಆಗಿ ಬಂದರೂ ಏನಾಗುತ್ತದೆ? ಸಿಂಗಪುರದಲ್ಲಿ ಮದುವೆಯ ಕಾನೂನು ಅಂದರೆ ವಿಮೆನ್ಸ್ ಚಾರ್ಟರ್. ಮದುವೆ ಇಲ್ಲೇ ಆಗಿರಲಿ, ಬೇರೆಲ್ಲೇ ಆಗಿರಲಿ, ಇಬ್ಬರಲ್ಲಿ ಒಬ್ಬರು ಗಂಡು ಒಬ್ಬರು ಹೆಣ್ಣು ಅಲ್ಲದಿದ್ದರೆ ಅದು ಮದುವೆಯೇ ಅಲ್ಲ ಅಂತ ಅದರಲ್ಲಿ ಬರೆದಿದೆ. ಬ್ಯಾಂಕಾಕ್‌ನಿಂದ ತಂದ ಸರ್ಟಿಫಿಕೇಟ್‌ಗೆ ಚಾಂಗಿ ಏರ್‌ಪೋರ್ಟ್‌ನಲ್ಲಿ ಇಳಿದ ತಕ್ಷಣ ಬೆಲೆ ಇಲ್ಲ.

ಇನ್ನು 377ರ ಕತೆ. ನಮ್ಮ ದೇಶದಲ್ಲಿ ಅದನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ಕ್ಕೆ ಮೊಟಕು ಮಾಡಿತು. ಇಲ್ಲಿ ಅದೇ ಬ್ರಿಟಿಷರು 1938ರಲ್ಲಿ ಸೇರಿಸಿದ್ದ 377ಎ ಇತ್ತು. 2022ರ ನವೆಂಬರ್‌ನಲ್ಲಿ ಪಾರ್ಲಿಮೆಂಟು ಅದನ್ನು ತೆಗೆಯಲು ಒಪ್ಪಿತು. ನಾವೂ ಆವತ್ತು ಸಿಹಿ ತಂದು ತಿಂದೆವು. ಆದರೆ ಅದೇ ದಿನ, ಅದೇ ಪಾರ್ಲಿಮೆಂಟಿನಲ್ಲಿ ಸಂವಿಧಾನಕ್ಕೆ ಇನ್ನೊಂದು ತಿದ್ದುಪಡಿಯೂ ಪಾಸಾಯಿತು. ಮದುವೆ ಅಂದರೆ ಏನು ಅಂತ ಪಾರ್ಲಿಮೆಂಟೇ ಹೇಳಬೇಕು, ಅದನ್ನು ಸಂವಿಧಾನದ ಹಕ್ಕುಗಳ ಹೆಸರಿನಲ್ಲಿ ಕೋರ್ಟಿನಲ್ಲಿ ಪ್ರಶ್ನೆ ಮಾಡುವ ಹಾಗಿಲ್ಲ ಅಂತ. ಅಂದರೆ ಜೈಲಿನ ಬಾಗಿಲು ಮುಚ್ಚಿದ ಕೈಯಲ್ಲೇ ಕೋರ್ಟಿನ ಬಾಗಿಲನ್ನೂ ಮುಚ್ಚಿದರು. ಜೈಲಿಗೆ ಹಾಕುವುದಿಲ್ಲ ಅನ್ನುವುದನ್ನೇ ದೊಡ್ಡ ಉಪಕಾರ ಅಂತ ನಾನು ಎಷ್ಟು ವರ್ಷ ಹೊತ್ತು ತಿರುಗಬೇಕು?

ಮನಸ್ಸಿದ್ದರೆ ದಾರಿ ಇದೆ, ಅದಕ್ಕೇ ಜಾಸ್ತಿ ಸಿಟ್ಟು. ಹಾಂಕಾಂಗ್‌ನಲ್ಲೂ ಈ ಮದುವೆಗೆ ಮಾನ್ಯತೆ ಇಲ್ಲ. ಆದರೂ 2018ರಲ್ಲಿ ಅಲ್ಲಿನ ಅತಿ ದೊಡ್ಡ ಕೋರ್ಟು, ಇಂಗ್ಲೆಂಡಿನಲ್ಲಿ ಜೋಡಿಯಾಗಿ ನೋಂದಣಿ ಮಾಡಿಸಿಕೊಂಡು ಬಂದ ಇಬ್ಬರು ಹೆಂಗಸರ ಕೇಸಿನಲ್ಲಿ ಡಿಪೆಂಡೆಂಟ್ ವೀಸಾ ಇಲ್ಲ ಅನ್ನುವುದು ತಾರತಮ್ಯ ಅಂದಿತು. ಸರ್ಕಾರ ನಿಯಮ ಬದಲಾಯಿಸಿತು. ಅಲ್ಲಿ ಯಾರ ಮದುವೆಯೂ ಇದರಿಂದ ಮುರಿದು ಬೀಳಲಿಲ್ಲ. ಮದುವೆಯ ಅರ್ಥ ಬದಲಾಯಿಸಿ ಅಂತ ನಾನು ಈ ದೇಶವನ್ನು ಕೇಳುತ್ತಿಲ್ಲ, ಕೇಳಲು ನಾನು ಇಲ್ಲಿನ ಪ್ರಜೆಯೂ ಅಲ್ಲ. ನನ್ನ ಸಂಬಳದಲ್ಲಿ ನನ್ನವನನ್ನು ನಾನೇ ಸಾಕುತ್ತೇನೆ, ಜೊತೆಗೆ ಇರಲು ಬಿಡಿ ಅಂತ ಅಷ್ಟೇ.

ಬಾಯಿ ಬಿಟ್ಟು ಹೇಳಿಕೊಳ್ಳಲೂ ಜಾಗ ಇಲ್ಲ. ಹಾಂಗ್ ಲಿಮ್ ಪಾರ್ಕಿನಲ್ಲಿ ಪಿಂಕ್ ಡಾಟ್ ಅಂತ ನಮ್ಮಂಥ ಜೋಡಿಗಳ ಪರವಾಗಿ ಸಭೆ ಆಗುತ್ತದೆ. 2017ರಲ್ಲಿ ಅದಕ್ಕೆ ಬ್ಯಾರಿಕೇಡ್ ಹಾಕಿ ಐಡಿ ನೋಡಿ ಒಳಗೆ ಬಿಟ್ಟರು. ಪ್ರಜೆಗಳಿಗೂ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ ಇದ್ದವರಿಗೂ ಮಾತ್ರ ಪ್ರವೇಶ. ನಮ್ಮಂಥ ಪಾಸಿನವರು ಸುಮ್ನೆ ಒಳಗೆ ಹೋಗಿ ನಿಲ್ಲುವ ಹಾಗೂ ಇಲ್ಲ.

"ಹಾಗಾದರೆ ಬೆಂಗಳೂರಿಗೆ ಬಂದುಬಿಡಿ." ಇದು ನಮ್ಮಣ್ಣನ ಮಾತು. ಬಂದರೆ ಅಲ್ಲಿ ಯಾರು ನಮ್ಮನ್ನು ಜೋಡಿ ಅಂತ ಬರೆದುಕೊಳ್ಳುತ್ತಾರೆ? 2023ರ ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟು ಮದುವೆಯ ಹಕ್ಕು ಕೊಡಲು ನಮ್ಮಿಂದ ಆಗುವುದಿಲ್ಲ, ಅದು ಸಂಸತ್ತಿನ ಕೆಲಸ ಅಂದಿತು. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳನ್ನೂ ತಳ್ಳಿಹಾಕಿತು. ಸಂಸತ್ತಿನಲ್ಲಿ ಸರ್ಕಾರ ಈ ಬಗ್ಗೆ ಒಂದು ಮಸೂದೆಯನ್ನೂ ತಂದಿಲ್ಲ. 2024ರ ಆಗಸ್ಟ್‌ನಲ್ಲಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆಗೆಯಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು ಅಂತ ಒಂದು ಸುತ್ತೋಲೆ ಬಂತು. ಬಂದಿದ್ದು ಒಳ್ಳೆಯದೇ. ಆದರೆ ಪಾಸ್‌ಬುಕ್ ತೋರಿಸಿದರೆ ಯಾವ ದೇಶವೂ ವೀಸಾ ಕೊಡುವುದಿಲ್ಲ. ಭಾರತ ಒಂದು ಕಾಗದ ಕೊಟ್ಟಿದ್ದರೆ ಕೊನೇ ಪಕ್ಷ ಬೇರೆ ಯಾವುದಾದರೂ ದೇಶದ ಬಾಗಿಲು ತಟ್ಟಬಹುದಿತ್ತು. ನನ್ನ ದೇಶದ ಮೇಲೆಯೇ ನನಗೆ ಹೆಚ್ಚು ಬೇಜಾರು, ಇದನ್ನು ಮುಚ್ಚಿಡುವುದಿಲ್ಲ.

ಮನೆ ಬಾಡಿಗೆ ಕರಾರಿಗೆ ಇಬ್ಬರ ಸಹಿಯೂ ಬೇಕಾಗಿತ್ತು. ಠೇವಣಿ ಇಬ್ಬರ ದುಡ್ಡು. ಟ್ಯಾಕ್ಸ್ ಇಬ್ಬರೂ ಕಟ್ಟಿದ್ದೇವೆ. ಆಗ ಯಾರೂ ನೀವಿಬ್ಬರು ಒಬ್ಬರಿಗೊಬ್ಬರು ಏನಾಗಬೇಕು ಅಂತ ಕೇಳಲಿಲ್ಲ.

ಟೂರಿಸ್ಟ್ ವೀಸಾದಲ್ಲಿ ಬಂದು ಹೋಗ್ತಾ ಇರಲಿ ಅನ್ನುವ ಸಲಹೆ ದಯವಿಟ್ಟು ಇನ್ನು ಯಾರೂ ಕೊಡಬೇಡಿ. ಅವನು ನನ್ನ ಮನೆಗೆ ಬರುವ ನೆಂಟನಲ್ಲ. ಅವನು ಬ್ಯಾಕೆಂಡ್ ಡೆವಲಪರ್, ಪೇಮೆಂಟ್ ಸಿಸ್ಟಮ್ ಕೆಲಸ ಚೆನ್ನಾಗಿ ಗೊತ್ತು. ಇಲ್ಲಿ ನಿಮ್ಮ ಕಂಪನಿಯಲ್ಲಿ ಜಾಗ ಖಾಲಿ ಇದ್ದರೆ ಈ ವಾರವೇ ಮೆಸೇಜ್ ಮಾಡಿ.